ಕ್ಯಾಮೆರಾ ಆಫ್ ಅಂತ ತೋರಿಸುತ್ತದೆ, ಲೈಟ್ ಮಾತ್ರ ಆರುವುದಿಲ್ಲ: ಕಲಬುರಗಿಯ ಒಂದು ಪ್ರಕರಣ ಅಧ್ಯಯನ

ಬೇಸಿಗೆಯ ಕಲಬುರಗಿಯಲ್ಲಿ ಕೂಲರ್ ಇರುವ ಕೋಣೆಯೇ ಮನೆ. ಬಿಸಿಲು 42 ಡಿಗ್ರಿ ದಾಟಿದ ಮೇಲೆ ಊಟ, ನಿದ್ದೆ, ಮಕ್ಕಳ ಆಟ, ಓದು ಎಲ್ಲವೂ ಅಲ್ಲೇ. ಬ್ರಹ್ಮಪುರ ಭಾಗದ ಇಂಥದೊಂದು ಮನೆಯ ಪ್ರಕರಣ ಇದು.

ಮನೆಯ ಸೊಸೆ ಪದವಿಪೂರ್ವ ಕಾಲೇಜೊಂದರಲ್ಲಿ ಲೆಕ್ಕಶಾಸ್ತ್ರ ಕಲಿಸುತ್ತಾರೆ. ದ್ವಿತೀಯ ಪಿಯುಸಿ ಪರೀಕ್ಷೆ-2ಕ್ಕೆ ಕೂರುವ ಮಕ್ಕಳಿಗಾಗಿ ಸಂಜೆ 7ರಿಂದ 8.30ರವರೆಗೆ ಲ್ಯಾಪ್‌ಟಾಪಿನಲ್ಲಿ ಸಂದೇಹ ಪರಿಹಾರದ ಕರೆ ನಡೆಸುತ್ತಿದ್ದರು. ಮಕ್ಕಳು ಆಳಂದ, ಜೇವರ್ಗಿ, ಚಿಂಚೋಳಿ, ಸೇಡಂ ಕಡೆಯ ಹಳ್ಳಿಗಳಿಂದ ಮೊಬೈಲಿನಲ್ಲಿ ಸೇರುತ್ತಿದ್ದರು. ಕರೆ ಬರೀ ಆಡಿಯೋ, ವಿಡಿಯೋ ಬೇಡ ಎಂದು ಮೊದಲ ದಿನವೇ ತೀರ್ಮಾನವಾಗಿತ್ತು. ಅದಕ್ಕೆ ಎರಡು ಕಾರಣ. ಹೆಣ್ಣುಮಕ್ಕಳಿಗೆ ತಮ್ಮ ಮನೆಯ ಒಳಗನ್ನು ಇಡೀ ತರಗತಿಗೆ ತೋರಿಸಲು ಮನಸ್ಸಿರಲಿಲ್ಲ. ಇನ್ನೊಂದು ಡೇಟಾ. ಬ್ರೌಸರ್ ಕರೆಗಳಲ್ಲಿ ದನಿಗೆ ಸಾಮಾನ್ಯವಾಗಿ ಬಳಸುವ, ದನಿಯನ್ನು ಹಿಂಡಿ ಕಳಿಸುವ ಓಪಸ್ ಕೋಡೆಕ್ ಸೆಕೆಂಡಿಗೆ ಸುಮಾರು 32 ಕಿಲೋಬಿಟ್‌ನಲ್ಲಿ ಚೆನ್ನಾಗಿ ಕೇಳಿಸುತ್ತದೆ. 20 ಮಿಲಿಸೆಕೆಂಡಿಗೆ ಒಂದರಂತೆ ಹೊರಡುವ ಪ್ಯಾಕೆಟ್‌ಗಳ ತಲೆಬರಹಗಳಿಗೆ ಮತ್ತೆ 20 ಕಿಲೋಬಿಟ್ ಸೇರಿಸಿ. ಒಂದೂವರೆ ಗಂಟೆಗೆ ಸುಮಾರು 35 ಎಂಬಿ ಆಯಿತು. ಸೆಕೆಂಡಿಗೆ 600 ಕಿಲೋಬಿಟ್‌ನ ಒಂದೇ ಒಂದು ವಿಡಿಯೋ ಸೇರಿದರೂ ಅಷ್ಟೇ ಹೊತ್ತಿಗೆ 405 ಎಂಬಿ. ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಸಿಕೊಂಡ, ಅದನ್ನೇ ಅಣ್ಣತಮ್ಮಂದಿರ ಜೊತೆ ಹಂಚಿಕೊಳ್ಳುವ ವಿದ್ಯಾರ್ಥಿಗೆ ಇದು ಸಣ್ಣ ಲೆಕ್ಕವಲ್ಲ.

ವಿಂಡೋಸ್ 11 ಇರುವ ಲ್ಯಾಪ್‌ಟಾಪ್, ಒಳಗೇ ಕೂಡಿಸಿದ ಕ್ಯಾಮೆರಾ, ಕ್ರೋಮ್ ಬ್ರೌಸರ್, ಕಾಲೇಜು ಕೊಟ್ಟಿದ್ದ ಒಂದು ಕರೆಯ ಪುಟ: ಸಲಕರಣೆ ಇಷ್ಟೇ. ಪುಟದಲ್ಲಿ ಕ್ಯಾಮೆರಾ ಚಿಹ್ನೆಯ ಮೇಲೆ ಕೆಂಪು ಗೀಟು ಇರುತ್ತಿತ್ತು. ಮಕ್ಕಳ ಪರದೆಯಲ್ಲಿ ಉಪನ್ಯಾಸಕಿಯ ಹೆಸರಿನ ಮೊದಲ ಅಕ್ಷರ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆದರೆ ಲ್ಯಾಪ್‌ಟಾಪಿನ ಮೇಲಂಚಿನಲ್ಲಿ, ಕ್ಯಾಮೆರಾ ಪಕ್ಕದ ಸಣ್ಣ ಬಿಳಿ ಲೈಟ್ ಒಂದೂವರೆ ಗಂಟೆಯೂ ಉರಿಯುತ್ತಲೇ ಇರುತ್ತಿತ್ತು. ಹಿಂದೆ ಮಂಚದ ಮೇಲೆ ಮಲಗಿರುತ್ತಿದ್ದ ಅತ್ತೆ ಅದನ್ನು ಮೊದಲು ಗಮನಿಸಿದರು. "ಆ ಲೈಟ್ ಯಾಕ ಹತ್ತೇದ? ನಮ್ಮನ್ನ ಯಾರರ ನೋಡ್ಲಿಕತ್ತಾರೇನು?" ಕೆಲವು ದಿನ ಕರೆ ಮುಗಿದು ಪುಟ ಮುಚ್ಚಿದ ಮೇಲೂ ಲೈಟ್ ಆರುತ್ತಿರಲಿಲ್ಲ.

ಅತ್ತೆಯ ಮಾತಿನಲ್ಲಿ ಎರಡು ಪ್ರಶ್ನೆ ಸೇರಿವೆ. ಚಿತ್ರ ಹೊರಗೆ ಹೋಗುತ್ತಿದೆಯೇ? ಕ್ಯಾಮೆರಾ ತೆರೆದಿದೆಯೇ? ಗೀಟು ಉತ್ತರಿಸುವುದು ಮೊದಲನೆಯದಕ್ಕೆ, ಲೈಟ್ ಉತ್ತರಿಸುವುದು ಎರಡನೆಯದಕ್ಕೆ. ಎರಡನ್ನೂ ಒಂದೇ ಎಂದುಕೊಂಡವರು "ಗೀಟು ಐತಲ್ಲ, ಬಿಡ್ರಿ" ಎಂದು ಸುಮ್ಮನಾಗುತ್ತಾರೆ, ಇಲ್ಲವೇ ಯಾರೋ ಕಂಪ್ಯೂಟರಿಗೆ ಕನ್ನ ಹಾಕಿದ್ದಾರೆಂದು ಗಾಬರಿಯಾಗುತ್ತಾರೆ. ಈ ಪ್ರಕರಣದಲ್ಲಿ ಎರಡೂ ಸರಿಯಿರಲಿಲ್ಲ.

ಗೀಟು ಎಳೆದಾಗ ಒಳಗೆ ಆಗುವುದೇನು

ಕರೆಯ ಪುಟ ತೆರೆದ ಕೂಡಲೇ ಅದು ಬ್ರೌಸರನ್ನು "ಮೈಕ್ ಮತ್ತು ಕ್ಯಾಮೆರಾ ಎರಡೂ ಕೊಡು" ಎಂದು ಒಂದೇ ಉಸಿರಿನಲ್ಲಿ ಕೇಳುತ್ತದೆ. ನೀವು ಅನುಮತಿ ಕೊಟ್ಟರೆ ಬ್ರೌಸರ್ ವಿಂಡೋಸಿನ ಮೂಲಕ ಕ್ಯಾಮೆರಾ ತೆರೆಯುತ್ತದೆ, ಲೈಟ್ ಹತ್ತುತ್ತದೆ. ಪುಟದ ಕೈಗೆ ದನಿಯದೊಂದು, ಚಿತ್ರದ್ದೊಂದು, ಹೀಗೆ ಎರಡು ಟ್ರ್ಯಾಕ್ ಸಿಗುತ್ತವೆ.

ಈಗ ಕ್ಯಾಮೆರಾ ಗುಂಡಿ ಒತ್ತಿ ಗೀಟು ಎಳೆಯಿರಿ. ಪುಟದ ಪ್ರೋಗ್ರಾಂ ಎರಡರಲ್ಲಿ ಒಂದು ಕೆಲಸ ಮಾಡಬಹುದು. ಚಿತ್ರದ ಟ್ರ್ಯಾಕಿನ 'ಎನೇಬಲ್ಡ್' ಗುಣವನ್ನು 'ಫಾಲ್ಸ್' ಮಾಡಬಹುದು, ಅಥವಾ ಆ ಟ್ರ್ಯಾಕನ್ನು 'ಸ್ಟಾಪ್' ಮಾಡಬಹುದು. ಮೊದಲನೆಯದರಲ್ಲಿ ಟ್ರ್ಯಾಕ್ ಜೀವಂತವಾಗಿಯೇ ಇರುತ್ತದೆ, ಆಚೆಯವರಿಗೆ ನಿಮ್ಮ ಚಿತ್ರದ ಬದಲು ಕಪ್ಪು ಚೌಕಟ್ಟು ಹೋಗುತ್ತದೆ. ನಳದ ಕೆಳಗಿನ ಕೊಡ ಸರಿಸಿದರೆ ಕೊಡ ತುಂಬುವುದು ನಿಲ್ಲುತ್ತದೆ, ನಳ ನಿಲ್ಲುವುದಿಲ್ಲ, ಇದೂ ಹಾಗೆಯೇ. ಎರಡನೆಯದರಲ್ಲಿ ಮಾತ್ರ ಪುಟ ಕ್ಯಾಮೆರಾವನ್ನು ಕೈಬಿಡುತ್ತದೆ, ಲೈಟ್ ಆರುತ್ತದೆ.

ಹಾಗಿದ್ದರೆ ಪುಟ ಕಟ್ಟುವವರು ಮೊದಲನೆಯದನ್ನೇ ಯಾಕೆ ಆರಿಸುತ್ತಾರೆ? ಮತ್ತೆ ವಿಡಿಯೋ ಒತ್ತಿದಾಗ ತಕ್ಷಣ ಮುಖ ಕಾಣಲಿ ಎಂದು. ಒಮ್ಮೆ 'ಸ್ಟಾಪ್' ಆದ ಟ್ರ್ಯಾಕ್ ಮತ್ತೆ ಏಳುವುದಿಲ್ಲ. ಬ್ರೌಸರನ್ನು ಹೊಸದಾಗಿ ಕೇಳಬೇಕು, ಕ್ಯಾಮೆರಾ ಎಚ್ಚೆತ್ತು ಬೆಳಕು, ಬಣ್ಣ ಹೊಂದಿಸಿಕೊಳ್ಳಲು ಒಂದೆರಡು ಸೆಕೆಂಡು ಬೇಕು, ಅಷ್ಟರಲ್ಲಿ ಬೇರೆ ಪ್ರೋಗ್ರಾಂ ಅದನ್ನು ಹಿಡಿದುಕೊಂಡರೆ ದೋಷ ಬರುತ್ತದೆ. ಮಾತಿನ ನಡುವೆ ಎರಡು ನಿಮಿಷ ಮುಖ ಮರೆಸಿಕೊಳ್ಳುವ ವಿಡಿಯೋ ಸಭೆಗೆ ಈ ಜಾಣತನ ಒಪ್ಪುತ್ತದೆ. ಒಂದೂವರೆ ಗಂಟೆಯ ಆಡಿಯೋ ಕರೆಗೆ ಇದು ತಪ್ಪು ಆಯ್ಕೆ. ಯಾರಿಗೂ ಬೇಡದ ಚಿತ್ರಕ್ಕಾಗಿ ಇಡೀ ಕೋಣೆಯ ಎದುರು ಕ್ಯಾಮೆರಾ ತೆರೆದಿಡಬಾರದು.

ಖಾಸಗಿತನದ ಮಾತು ಬಿಟ್ಟರೂ ನಷ್ಟ ಇದ್ದೇ ಇದೆ. 1280×720ರ ಒಂದು ಚೌಕಟ್ಟು, ಚುಕ್ಕೆಗೆ 2 ಬೈಟ್‌ನಂತೆ, 18,43,200 ಬೈಟ್. ಸೆಕೆಂಡಿಗೆ 30 ಚೌಕಟ್ಟು ಎಂದರೆ ಸುಮಾರು 55 ಎಂಬಿ, ಅಂದರೆ ಸೆಕೆಂಡಿಗೆ 442 ಮೆಗಾಬಿಟ್. ಲ್ಯಾಪ್‌ಟಾಪಿನ ಒಳಕ್ಯಾಮೆರಾ ಸಾಮಾನ್ಯವಾಗಿ ಯುಎಸ್‌ಬಿ 2.0 ದಾರಿಯಲ್ಲೇ ಕೂತಿರುತ್ತದೆ. ಆ ದಾರಿಯ ಹೆಸರಿನ ಮಿತಿ 480 ಮೆಗಾಬಿಟ್ ಆದರೂ ಕೈಗೆ ಸಿಗುವುದು ಅದಕ್ಕಿಂತ ಬಹಳ ಕಡಿಮೆ. ಹಾಗಾಗಿ ಕ್ಯಾಮೆರಾ ಪ್ರತಿ ಚೌಕಟ್ಟನ್ನೂ ಜೆಪೆಗ್ ಆಗಿ ಹಿಂಡಿ ಕಳಿಸುತ್ತದೆ, ಅದನ್ನು ಬಿಚ್ಚುವ ದುಡಿಮೆ ಕಂಪ್ಯೂಟರಿನ ಮೇಲೆ ಬೀಳುತ್ತದೆ. ಕ್ಯಾಮೆರಾ ತೆರೆದಿರುವಷ್ಟು ಹೊತ್ತೂ ಈ ದುಡಿಮೆ ನಡೆಯಬಹುದು, ಚಿತ್ರವನ್ನು ಯಾರೂ ನೋಡದಿದ್ದರೂ. ಏಪ್ರಿಲ್ ಸಂಜೆ ಜೆಸ್ಕಾಂ ಕರೆಂಟ್ ಹೋಗಿ ಬ್ಯಾಟರಿಯ ಮೇಲೆ ಕರೆ ನಡೆಯುವಾಗ ಇದರ ಬೆಲೆ ತಿಳಿಯುತ್ತದೆ.

ಡೇಟಾ ಮೀಟರ್ ನೋಡಿ ಕ್ಯಾಮೆರಾ ಬಂದ್ ಆಗಿದೆ ಎಂದು ತೀರ್ಮಾನಿಸಬೇಡಿ. ಕಪ್ಪು ಚೌಕಟ್ಟಿಗೆ ಡೇಟಾ ಹೆಚ್ಚುಕಡಿಮೆ ಬೇಕಾಗುವುದೇ ಇಲ್ಲ. ಮೀಟರ್ ಇಳಿದಿದ್ದರೆ ಚಿತ್ರ ಹೊರಗೆ ಹೋಗುತ್ತಿಲ್ಲ ಎಂದರ್ಥ, ಕ್ಯಾಮೆರಾ ಮುಚ್ಚಿದೆ ಎಂದಲ್ಲ.

ಕ್ಯಾಮೆರಾ ಯಾರ ಕೈಯಲ್ಲಿದೆ

ಪರಿಹಾರಕ್ಕೆ ಕೈಹಾಕುವ ಮುಂಚೆ ಕ್ಯಾಮೆರಾ ಹಿಡಿದಿರುವ ಪ್ರೋಗ್ರಾಂ ಯಾವುದೆಂದು ಗೊತ್ತಾಗಬೇಕು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು 'ಪ್ರೈವಸಿ ಅಂಡ್ ಸೆಕ್ಯೂರಿಟಿ', ಅದರೊಳಗೆ 'ಕ್ಯಾಮೆರಾ'. ಪುಟದ ಕೆಳಗಡೆ 'ಲೆಟ್ ಡೆಸ್ಕ್‌ಟಾಪ್ ಆ್ಯಪ್ಸ್ ಆ್ಯಕ್ಸೆಸ್ ಯುವರ್ ಕ್ಯಾಮೆರಾ' ಎಂಬ ಸಾಲು ಇದೆ, ಅದನ್ನು ಬಿಚ್ಚಿದರೆ ಪ್ರೋಗ್ರಾಂಗಳ ಪಟ್ಟಿ. ಪ್ರತಿ ಹೆಸರಿನ ಕೆಳಗೆ ಕೊನೆಗೆ ಯಾವಾಗ ಬಳಸಿತು ಎಂಬ ದಿನಾಂಕ, ಸಮಯ ಇರುತ್ತದೆ. ಆ ಕ್ಷಣ ಬಳಸುತ್ತಿದ್ದರೆ 'ಕರೆಂಟ್ಲಿ ಇನ್ ಯೂಸ್' ಎಂದಿರುತ್ತದೆ. ವಿಂಡೋಸ್ 10ರಲ್ಲಿ ಇದೇ ಪಟ್ಟಿ ಸೆಟ್ಟಿಂಗ್ಸ್‌ನ 'ಪ್ರೈವಸಿ' ವಿಭಾಗದ 'ಕ್ಯಾಮೆರಾ' ಪುಟದಲ್ಲಿದೆ.

ಇಲ್ಲೊಂದು ಎಚ್ಚರಿಕೆ. 'ಬ್ಲೂಟೂತ್ ಅಂಡ್ ಡಿವೈಸಸ್' ಒಳಗಿನ 'ಕ್ಯಾಮೆರಾಸ್' ವಿಭಾಗಕ್ಕೆ ಹೋಗಿ ಕ್ಯಾಮೆರಾ ಹೆಸರು ಒತ್ತಿದರೆ ವಿಂಡೋಸ್ ಮುನ್ನೋಟ ತೋರಿಸಲು ತಾನೇ ಕ್ಯಾಮೆರಾ ತೆರೆಯುತ್ತದೆ. ಜೂಮ್‌ನ ಸೆಟ್ಟಿಂಗ್ಸ್‌ನಲ್ಲಿ 'ವಿಡಿಯೋ' ಪುಟ ತೆರೆದರೂ ಅಷ್ಟೇ. ಲೈಟ್ ಯಾಕೆ ಹತ್ತಿದೆ ಎಂದು ಹುಡುಕುವವರೇ ಲೈಟ್ ಹತ್ತಿಸಿ ಗೊಂದಲಕ್ಕೆ ಬೀಳುವುದು ಸಾಮಾನ್ಯ. ಹುಡುಕುವಾಗ ಪ್ರೈವಸಿಯ ಪುಟದಲ್ಲೇ ಇರಿ.

ಈ ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಎರಡು ಹೆಸರು ಕಂಡವು. ಒಂದು ಕ್ರೋಮ್. ಇನ್ನೊಂದು, ಹಿಂದಿನ ಆನ್‌ಲೈನ್ ತರಗತಿಗಳ ಕಾಲದಲ್ಲಿ ಹಿನ್ನೆಲೆ ಮಸುಕು ಮಾಡಲೆಂದು ಹಾಕಿಸಿ ಮರೆತೇಬಿಟ್ಟಿದ್ದ ವರ್ಚುಯಲ್ ಕ್ಯಾಮೆರಾ ಪ್ರೋಗ್ರಾಂ. ಕಂಪ್ಯೂಟರ್ ಆನ್ ಆದ ಕೂಡಲೇ ತಾನೂ ಎದ್ದು ಗಡಿಯಾರದ ಪಕ್ಕದ ಟ್ರೇಯಲ್ಲಿ ಕೂರುತ್ತಿತ್ತು. ಇಂಥ ಪ್ರೋಗ್ರಾಂ ನಿಜವಾದ ಕ್ಯಾಮೆರಾವನ್ನು ತಾನು ಹಿಡಿದು, ಬಣ್ಣ ಹಚ್ಚಿದ ಚಿತ್ರವನ್ನು ಇನ್ನೊಂದು ಕ್ಯಾಮೆರಾ ಎಂಬಂತೆ ಬ್ರೌಸರಿಗೆ ಒಡ್ಡುತ್ತದೆ. ಬ್ರೌಸರ್ ಬಿಟ್ಟದ್ದು ಈ ಸುಳ್ಳು ಕ್ಯಾಮೆರಾವನ್ನು. ನಿಜವಾದದ್ದು ಪ್ರೋಗ್ರಾಂನ ಮುಷ್ಟಿಯಲ್ಲೇ ಉಳಿಯಿತು. ಕರೆಯ ಪುಟ ವರ್ಚುಯಲ್ ಕ್ಯಾಮೆರಾವನ್ನು ಆರಿಸಿಕೊಂಡಿದ್ದ ದಿನಗಳಲ್ಲಿ ಕರೆ ಮುಗಿದ ಮೇಲೂ ಲೈಟ್ ಆರದೆ ಇದ್ದುದಕ್ಕೆ ಇದೇ ಕಾರಣ.

ಪಟ್ಟಿಯನ್ನು ನಂಬುವುದೋ ಬೇಡವೋ ಎಂಬ ಅನುಮಾನ ಇರುವವರು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಇದನ್ನೇ ಕಣ್ಣಾರೆ ನೋಡಬಹುದು. 'ಕರೆಂಟ್ ಯೂಸರ್' ಶಾಖೆಯಲ್ಲಿ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಷನ್, ಕೇಪಬಿಲಿಟಿಆ್ಯಕ್ಸೆಸ್‌ಮ್ಯಾನೇಜರ್, ಕನ್ಸೆಂಟ್‌ಸ್ಟೋರ್, ವೆಬ್‌ಕ್ಯಾಮ್, ನಾನ್‌ಪ್ಯಾಕೇಜ್ಡ್ ಎಂದು ಒಂದೊಂದೇ ಇಳಿಯುತ್ತ ಹೋದರೆ ಪ್ರತಿ ಡೆಸ್ಕ್‌ಟಾಪ್ ಪ್ರೋಗ್ರಾಂಗೆ ಒಂದು ಕೀ ಸಿಗುತ್ತದೆ. ಅದರಲ್ಲಿ 'ಲಾಸ್ಟ್‌ಯೂಸ್ಡ್‌ಟೈಮ್‌ಸ್ಟಾರ್ಟ್', 'ಲಾಸ್ಟ್‌ಯೂಸ್ಡ್‌ಟೈಮ್‌ಸ್ಟಾಪ್' ಎಂಬ ಎರಡು ಮೌಲ್ಯ. ಸ್ಟಾಪ್ ಮೌಲ್ಯ 0 ಇದ್ದರೆ ಆ ಪ್ರೋಗ್ರಾಂ ಈಗಲೂ ಕ್ಯಾಮೆರಾ ಹಿಡಿದಿದೆ. ಉಳಿದಂತೆ ಕಾಣುವ ಉದ್ದದ ಸಂಖ್ಯೆ 1601ರ ಜನವರಿ 1ರಿಂದ ಎಣಿಸಿದ 100 ನ್ಯಾನೋಸೆಕೆಂಡುಗಳ ಲೆಕ್ಕ. ಇಲ್ಲಿ ನೋಡುವುದಷ್ಟೇ ಕೆಲಸ, ಏನನ್ನೂ ಬದಲಿಸಬೇಡಿ.

ಹಿಡಿದವರು ಇಬ್ಬರಿದ್ದಾಗ ಒಬ್ಬೊಬ್ಬರನ್ನೇ ಬಿಡಿಸಬೇಕು, ಇಲ್ಲದಿದ್ದರೆ ಯಾವುದರಿಂದ ಲೈಟ್ ಆರಿತು ಎಂದು ತಿಳಿಯುವುದೇ ಇಲ್ಲ. ಇಲ್ಲಿ ವರ್ಚುಯಲ್ ಕ್ಯಾಮೆರಾವನ್ನು 'ಇನ್‌ಸ್ಟಾಲ್ಡ್ ಆ್ಯಪ್ಸ್' ಪಟ್ಟಿಯಿಂದ ಅಳಿಸಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಲಾಯಿತು. ಬೇಕಾಗಿದ್ದರೆ ಟಾಸ್ಕ್ ಮ್ಯಾನೇಜರಿನ 'ಸ್ಟಾರ್ಟಪ್ ಆ್ಯಪ್ಸ್' ಪಟ್ಟಿಯಲ್ಲಿ ಅದನ್ನು ಡಿಸೇಬಲ್ ಮಾಡಿದರೂ ಸಾಕಿತ್ತು. ಅಂದಿನಿಂದ ಕರೆಯ ಪುಟ ಮುಚ್ಚಿದ ಕೂಡಲೇ ಲೈಟ್ ಆರತೊಡಗಿತು. ಕರೆಯ ನಡುವಿನ ಲೈಟ್ ಮಾತ್ರ ಹಾಗೆಯೇ ಉಳಿಯಿತು. ಅದು ಕ್ರೋಮ್ ಮತ್ತು ಆ ಪುಟದ ನಡುವಿನ ವ್ಯವಹಾರ.

ಕ್ಯಾಮೆರಾ ಬಂದ್ ಮಾಡಿದರೆ ಮೈಕೂ ಬಂದ್

ಮೊದಲು ತೋಚುವ ದಾರಿ, ಬ್ರೌಸರಿನಲ್ಲೇ ಆ ಪುಟಕ್ಕೆ ಕ್ಯಾಮೆರಾ ನಿರಾಕರಿಸುವುದು. ವಿಳಾಸದ ಎಡಬದಿಯ ಚಿಹ್ನೆ ಒತ್ತಿ, 'ಸೈಟ್ ಸೆಟ್ಟಿಂಗ್ಸ್‌'ಗೆ ಹೋಗಿ, ಕ್ಯಾಮೆರಾ ಎದುರು 'ಬ್ಲಾಕ್' ಮಾಡಿ, ಮೈಕ್ರೋಫೋನ್ ಎದುರು 'ಅಲೋ' ಇರಿಸಿ, ಪುಟ ರೀಲೋಡ್ ಮಾಡುವುದು. ಬಹಳಷ್ಟು ಕರೆಯ ತಾಣಗಳಲ್ಲಿ ಇಷ್ಟರಿಂದಲೇ ಕೆಲಸ ಮುಗಿಯುತ್ತದೆ, ಹಾಗಾಗಿ ಯಾರೇ ಆದರೂ ಮೊದಲು ಮಾಡಿ ನೋಡಬೇಕಾದದ್ದು ಇದೇ.

ಇಲ್ಲಿ ಲೈಟೇನೋ ಹತ್ತಲಿಲ್ಲ, ಆದರೆ ದನಿಯೂ ಹೋಯಿತು. 'ಮೈಕ್ ಪರೀಕ್ಷಿಸಿ' ಎಂಬ ಸಂದೇಶ ಬಂತು. ಮೈಕ್ ಸರಿಯಾಗಿಯೇ ಇತ್ತು. ಪುಟ ಮೈಕ್, ಕ್ಯಾಮೆರಾ ಎರಡನ್ನೂ ಒಂದೇ ಕೋರಿಕೆಯಲ್ಲಿ ಕೇಳಿತ್ತಲ್ಲ, ಅಂಥ ಕೋರಿಕೆ ಭಾಗಶಃ ಈಡೇರುವುದಿಲ್ಲ. ಎರಡರಲ್ಲಿ ಒಂದನ್ನು ನಿರಾಕರಿಸಿದರೆ ಬ್ರೌಸರ್ ಇಡೀ ಕೋರಿಕೆಯನ್ನೇ 'ನಾಟ್‌ಅಲೋಡ್‌ಎರರ್' ಎಂದು ತಿರುಗಿಸುತ್ತದೆ. ಚೆನ್ನಾಗಿ ಕಟ್ಟಿದ ಪುಟ ಆ ದೋಷವನ್ನು ಹಿಡಿದು "ಹಾಗಾದರೆ ಮೈಕ್ ಒಂದೇ ಕೊಡು" ಎಂದು ಮತ್ತೆ ಕೇಳುತ್ತದೆ. ಈ ಪುಟ ಕೇಳಲಿಲ್ಲ, ಕೈಚೆಲ್ಲಿ ಕೂತಿತು.

ಡಿವೈಸ್ ಮ್ಯಾನೇಜರಿನ ದಾರಿಯೂ ಅದೇ ಗೋಡೆಗೆ ಹೋಗಿ ನಿಂತಿತು. ಅಲ್ಲಿ 'ಕ್ಯಾಮೆರಾಸ್' ಶೀರ್ಷಿಕೆಯಡಿ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ 'ಡಿಸೇಬಲ್ ಡಿವೈಸ್' ಒತ್ತಿದರೆ ಕ್ಯಾಮೆರಾ ಇಲ್ಲವೇ ಇಲ್ಲ ಎಂಬಂತಾಗುತ್ತದೆ. ಆಗ ಬರುವ ದೋಷದ ಹೆಸರು 'ನಾಟ್‌ಫೌಂಡ್‌ಎರರ್', ಫಲ ಅದೇ: ಮೈಕೂ ಸಿಗದು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಆ ಶೀರ್ಷಿಕೆಯಡಿ ಎರಡು ಹೆಸರಿರುತ್ತವೆ, ಒಂದರಲ್ಲಿ 'ಐಆರ್' ಎಂದಿರುತ್ತದೆ. ಅದು ಮುಖ ನೋಡಿ ಬೀಗ ತೆಗೆಯುವ ವಿಂಡೋಸ್ ಹಲೋಗೆ ಬಳಸುವ ಇನ್‌ಫ್ರಾರೆಡ್ ಕ್ಯಾಮೆರಾ. ಅದನ್ನು ಡಿಸೇಬಲ್ ಮಾಡುವ ಮುಂಚೆ ಪಿನ್ ನೆನಪಿದೆಯೇ ನೋಡಿಕೊಳ್ಳಿ. ಲಾಕ್ ಪರದೆಯಲ್ಲಿ ಒಂದೆರಡು ಸೆಕೆಂಡು ಲೈಟ್ ಮಿನುಗಿ ಆರುವುದೂ ಹಲೋದ ಕೆಲಸವೇ, ಅದಕ್ಕೆ ಹೆದರಬೇಕಿಲ್ಲ.

ಬ್ರೌಸರ್ ಬದಲಿಸಿದಾಗ

ಅದೇ ಪುಟವನ್ನು ಫೈರ್‌ಫಾಕ್ಸ್‌ನಲ್ಲಿ ತೆರೆದಾಗ ನಡವಳಿಕೆ ಬೇರೆಯಾಯಿತು. ಸೇರುವಾಗ ಲೈಟ್ ಹತ್ತಿತು, ಗೀಟು ಎಳೆದ ಸುಮಾರು 3 ಸೆಕೆಂಡಿಗೆ ಆರಿತು, ದನಿ ಎಂದಿನಂತೆ ನಡೆಯಿತು. ಫೈರ್‌ಫಾಕ್ಸ್ ಚಿತ್ರದ ಟ್ರ್ಯಾಕ್ 'ಎನೇಬಲ್ಡ್' ಆಗಿಲ್ಲದ್ದನ್ನು ಕಂಡು, ಪುಟ 'ಸ್ಟಾಪ್' ಹೇಳದಿದ್ದರೂ, ತಾನಾಗಿ ಕ್ಯಾಮೆರಾವನ್ನು ಬಿಟ್ಟುಕೊಡುತ್ತದೆ. ಮತ್ತೆ ವಿಡಿಯೋ ಒತ್ತಿದರೆ ತಾನೇ ತೆರೆಯುತ್ತದೆ. ಆ 3 ಸೆಕೆಂಡಿನ ತಡ ಉದ್ದೇಶಪೂರ್ವಕ: ಕೈತಪ್ಪಿ ಒತ್ತಿದವರು ತಕ್ಷಣ ಮತ್ತೆ ಒತ್ತಿದರೆ ಕ್ಯಾಮೆರಾ ಸುಮ್ಮನೆ ಆರಿ ಹತ್ತಬಾರದಲ್ಲ. ಈ ನಡವಳಿಕೆ ಫೈರ್‌ಫಾಕ್ಸ್‌ನಲ್ಲಿ ಮೊದಲಿನಿಂದಲೇ ಆನ್ ಇರುತ್ತದೆ, ಬಳಸುವವರು ಏನನ್ನೂ ಬದಲಿಸಬೇಕಿಲ್ಲ.

ಪುಟ ಕಟ್ಟಿದವರನ್ನು ಕಾಯದೆ ಅಂದೇ ಸಿಕ್ಕ ಪರಿಹಾರ ಇದು. ಕೊರತೆ ಒಂದೇ: ಸೇರುವ ಕ್ಷಣದಲ್ಲಿ ಕ್ಯಾಮೆರಾ ತೆರೆದೇ ತೆರೆಯುತ್ತದೆ. ಮುನ್ನೋಟದಲ್ಲಿ ಗೀಟು ಎಳೆದೇ 'ಜಾಯಿನ್' ಒತ್ತಬೇಕು. ಜಾಯಿನ್ ಒತ್ತಿ ಆಮೇಲೆ ಗೀಟು ಎಳೆದರೆ ಆ ನಡುವಿನ ಎರಡು ಸೆಕೆಂಡಿನ ಚಿತ್ರ ಎಲ್ಲರ ಪರದೆಗೂ ಹೋಗಿರುತ್ತದೆ. ಜೂಮ್ ಬಳಸುವವರು ಅದರ ವಿಡಿಯೋ ಸೆಟ್ಟಿಂಗ್ಸ್‌ನಲ್ಲಿ ಸಭೆ ಸೇರುವಾಗ ನನ್ನ ವಿಡಿಯೋ ನಿಲ್ಲಿಸು ಎಂಬರ್ಥದ ಚೌಕಕ್ಕೆ ಒಮ್ಮೆ ಟಿಕ್ ಹಾಕಿಟ್ಟರೆ ಈ ತಲೆನೋವಿಲ್ಲ.

ಆ ಎರಡು ಸೆಕೆಂಡಿಗಾಗಿ ಮುಚ್ಚಳ ಬೇಕು.

ಮುಚ್ಚಳದ ಮಾತು

ಎಷ್ಟೋ ಮನೆಗಳಲ್ಲಿ ಕ್ಯಾಮೆರಾ ಮೇಲೆ ಹಣೆಗಿಡುವ ಟಿಕಲಿ ಅಂಟಿಸಿರುತ್ತಾರೆ. ಅಳತೆ ಸರಿಹೋಗುತ್ತದೆ, ತೆಳ್ಳಗೂ ಇರುತ್ತದೆ. ತೊಂದರೆ ಅದರ ಗೋಂದು. ಪರದೆಯ ಶಾಖ, ಮೇಲೆ ಕಲಬುರಗಿಯ ಬೇಸಿಗೆ ಸೇರಿ ಗೋಂದು ಮೆತ್ತಗಾಗಿ ಗಾಜಿನ ಮೇಲೆ ಹರಡುತ್ತದೆ. ಮುಂದೆ ವಿಡಿಯೋ ಬೇಕಾದ ದಿನ ಮುಖ ಮಂಜು ಮಂಜು. ವೈರಿಂಗ್‌ಗೆ ಬಳಸುವ ಕಪ್ಪು ಟೇಪಿನದು ಇನ್ನೂ ಕೆಟ್ಟ ಅಂಟು. ಅಂಟಿಸಲೇಬೇಕಾದರೆ ಟಿಕಲಿಯ ನಡುವೆ ಮಸೂರದಷ್ಟೇ ಅಗಲದ ಕಾಗದದ ಚೂರು ಇಟ್ಟು, ಗೋಂದು ಅಂಚಿಗಷ್ಟೇ ತಾಗುವಂತೆ ಮಾಡಿ. ಈಗಾಗಲೇ ಅಂಟು ಹಿಡಿದಿದ್ದರೆ ಕಂಪ್ಯೂಟರ್ ಆಫ್ ಮಾಡಿ, 70 ಪ್ರತಿಶತ ಐಸೋಪ್ರೊಪೈಲ್ ಆಲ್ಕೋಹಾಲನ್ನು ಮೆತ್ತನೆ ಬಟ್ಟೆಗೆ ಹನಿಸಿ ಹಗುರವಾಗಿ ಒರೆಸಿ. ನೇರವಾಗಿ ಪರದೆಯ ಮೇಲೆ ಸಿಂಪಡಿಸಿದರೆ ದ್ರವ ಅಂಚಿನೊಳಗೆ ಇಳಿಯುತ್ತದೆ.

ಅಂಗಡಿಯಲ್ಲಿ ಸಿಗುವ ಜಾರುವ ಪ್ಲಾಸ್ಟಿಕ್ ಮುಚ್ಚಳ ಅನುಕೂಲವೇ, ಆದರೆ ದಪ್ಪ ನೋಡಿ ಕೊಳ್ಳಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಪರದೆ ಮತ್ತು ಕೀಬೋರ್ಡ್ ನಡುವೆ ಸಂದು ಬಹಳ ಕಡಿಮೆ. ದಪ್ಪ ಮುಚ್ಚಳವಿಟ್ಟು ಮಡಚಿದರೆ ಒತ್ತಡವೆಲ್ಲ ಒಂದೇ ಬಿಂದುವಿಗೆ ಬಿದ್ದು ಪರದೆ ಬಿರುಕು ಬಿಡಬಹುದು. ಇದೇ ಕಾರಣಕ್ಕೆ ಆ್ಯಪಲ್ 2020ರಲ್ಲಿ ತನ್ನ ಮ್ಯಾಕ್‌ಬುಕ್ ಬಳಕೆದಾರರಿಗೆ ಮುಚ್ಚಳ ಇಟ್ಟು ಮಡಚಬೇಡಿ, ಇಡಲೇಬೇಕಾದರೆ 0.1 ಮಿಲಿಮೀಟರ್‌ಗಿಂತ ದಪ್ಪ ಬೇಡ ಎಂದು ಹೇಳಿತು. ಅದು ಒಂದು ಪ್ರಿಂಟರ್ ಕಾಗದದ ದಪ್ಪ. ಕ್ಯಾಮೆರಾ ಪಕ್ಕದಲ್ಲೇ ಕೋಣೆಯ ಬೆಳಕು ಅಳೆಯುವ ಸಂವೇದಕ ಇರುವ ಮಾದರಿಗಳಿವೆ. ಮುಚ್ಚಳ ಅದನ್ನೂ ಮುಚ್ಚಿದರೆ ಪರದೆ ತಾನಾಗಿ ಮಂಕಾಗುತ್ತದೆ. ಲೆನೊವೊದ ಹಲವು ಥಿಂಕ್‌ಪ್ಯಾಡ್‌ಗಳಂತೆ ಕಾರ್ಖಾನೆಯಿಂದಲೇ ಜಾರುಮುಚ್ಚಳ ಬಂದಿದ್ದರೆ ಈ ಯಾವ ಚಿಂತೆಯೂ ಇಲ್ಲ.

ಮುಚ್ಚಳ ಕಣ್ಣನ್ನಷ್ಟೇ ಮುಚ್ಚುತ್ತದೆ. ಲೈಟ್ ಉರಿಯುತ್ತಲೇ ಇರುತ್ತದೆ, ಚಿತ್ರ ಬಿಚ್ಚುವ ದುಡಿಮೆಯೂ ಇರುತ್ತದೆ, ಮೈಕ್ ಕೇಳುತ್ತಲೇ ಇರುತ್ತದೆ. ಸಾಫ್ಟ್‌ವೇರಿನ ಕೆಲಸ ಮುಗಿಸಿದ ಮೇಲೆ ಅದರ ಜೊತೆಗೆ ಮುಚ್ಚಳ, ಅದರ ಬದಲಿಗೆ ಅಲ್ಲ. ಹಾಗೆಂದು ಮುಚ್ಚಳ ಅತಿಯಾದ ಅನುಮಾನವೂ ಅಲ್ಲ. 2019ರ ಜುಲೈಯಲ್ಲಿ ಮ್ಯಾಕ್‌ನ ಜೂಮ್‌ನಲ್ಲಿ ಬಯಲಾದ ದೋಷದಲ್ಲಿ ಒಂದು ಜಾಲಪುಟಕ್ಕೆ ಭೇಟಿ ಕೊಟ್ಟರೆ ಸಾಕು, ಬಳಕೆದಾರ ಕೇಳದೆಯೇ ಸಭೆಗೆ ಸೇರಿ ಕ್ಯಾಮೆರಾ ಆನ್ ಆಗಬಹುದಿತ್ತು. ಸೇರುವಾಗ ವಿಡಿಯೋ ನಿಲ್ಲಿಸು ಎಂದು ಮೊದಲೇ ಟಿಕ್ ಹಾಕಿದ್ದವರು ಕ್ಯಾಮೆರಾದ ಮಟ್ಟಿಗೆ ಪಾರಾದರು. ಜೂಮ್ ಸರಿಪಡಿಸಿತು, ಆ್ಯಪಲ್ ಕೂಡ ತನ್ನ ಕಡೆಯಿಂದ ಅಪ್‌ಡೇಟ್ ಕಳಿಸಿ ದೋಷದ ಮೂಲವನ್ನು ತೆಗೆದುಹಾಕಿತು.

ಲೈಟನ್ನೇ ಎಷ್ಟು ನಂಬಬಹುದು? ಸೆನ್ಸರಿಗೆ ವಿದ್ಯುತ್ ಹರಿದರೆ ಲೈಟಿಗೂ ಹರಿಯುವಂತೆ ತಂತಿಯಲ್ಲೇ ಕಟ್ಟಿದ ಕ್ಯಾಮೆರಾ ಇದ್ದರೆ ಪೂರ್ತಿ ನಂಬಬಹುದು. ಲೈಟನ್ನು ಫರ್ಮ್‌ವೇರ್ (ಕ್ಯಾಮೆರಾದ ಒಳಗೇ ಕೂತ ಪ್ರೋಗ್ರಾಂ) ಆಳುವ ಮಾದರಿಗಳಲ್ಲಿ ಅಷ್ಟು ಭರವಸೆ ಇಲ್ಲ. 2008ರ ಸುಮಾರಿನ ಮ್ಯಾಕ್‌ಬುಕ್, ಐಮ್ಯಾಕ್‌ಗಳ ಒಳಕ್ಯಾಮೆರಾದ ಫರ್ಮ್‌ವೇರ್ ಬದಲಿಸಿ ಲೈಟ್ ಹತ್ತದೆಯೇ ಚಿತ್ರ ತೆಗೆಯಬಹುದೆಂದು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಬ್ರಾಕರ್ ಮತ್ತು ಸ್ಟೀಫನ್ ಚೆಕೊವೇ 2013ರಲ್ಲಿ ಮಾಡಿ ತೋರಿಸಿದರು. ಮನೆಯ ಲ್ಯಾಪ್‌ಟಾಪಿಗೆ ಇಂಥದು ಆಗುವ ಸಂಭವ ಕಡಿಮೆ. ಆದರೂ ಮಲಗುವ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದಿಡುವವರಿಗೆ ಒಂದು ಕಾಗದದ ಚೂರು ದುಬಾರಿಯಲ್ಲ.

ಲೈಟೇ ಇಲ್ಲದ ಅಗ್ಗದ ಕ್ಯಾಮೆರಾ ಇರುವವರಿಗೂ ಒಂದು ದಾರಿ ಇದೆ. ರಿಜಿಸ್ಟ್ರಿಯ 'ಲೋಕಲ್ ಮಷೀನ್' ಶಾಖೆಯಲ್ಲಿ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ಒಇಎಂ, ಡಿವೈಸ್, ಕ್ಯಾಪ್ಚರ್ ಎಂಬಲ್ಲಿ 'ನೋಫಿಸಿಕಲ್‌ಕ್ಯಾಮೆರಾಎಲ್‌ಇಡಿ' ಎಂಬ ಡಿವರ್ಡ್ ಮೌಲ್ಯವನ್ನು 1 ಮಾಡಿದರೆ, ಕ್ಯಾಮೆರಾ ತೆರೆದಾಗ ಮತ್ತು ಮುಚ್ಚಿದಾಗ ವಿಂಡೋಸ್ ಪರದೆಯ ಮೇಲೆ ಸಣ್ಣ ಸೂಚನೆ ತೋರಿಸುತ್ತದೆ. ರಿಜಿಸ್ಟ್ರಿಗೆ ಕೈಹಾಕಿ ಅಭ್ಯಾಸವಿಲ್ಲದವರು ಬಲ್ಲವರಿಂದಲೇ ಮಾಡಿಸಿಕೊಳ್ಳಿ.

ಹೊರಗಿನಿಂದ ಸಿಕ್ಕಿಸುವ ಯುಎಸ್‌ಬಿ ಕ್ಯಾಮೆರಾ ಇದ್ದರೆ ವೈರ್ ಕಿತ್ತರೆ ಮುಗಿಯಿತಲ್ಲ ಎನಿಸುತ್ತದೆ. ಮುಗಿಯುತ್ತದೆ, ಜೊತೆಗೆ ಕರೆಯೂ ಮುಗಿಯಬಹುದು. ಆ ಕ್ಯಾಮೆರಾಗಳಲ್ಲಿ ಬಹುಪಾಲಿಗೆ ಒಳಗೇ ಮೈಕ್ ಇರುತ್ತದೆ, ಡೆಸ್ಕ್‌ಟಾಪಿನಲ್ಲಿ ಎಷ್ಟೋ ಸಲ ಅದೊಂದೇ ಮೈಕ್. ಕೀಳುವ ಮುಂಚೆ 3.5 ಮಿಲಿಮೀಟರ್ ಪಿನ್ನಿನ ಮೈಕ್ ಇರುವ ಇಯರ್‌ಫೋನ್ ಸಿಕ್ಕಿಸಿ, ಕರೆಯ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆರಿಸಿ, ದನಿ ಹೋಗುತ್ತಿದೆಯೇ ಕೇಳಿ ನೋಡಿ, ಆಮೇಲೆ ವೈರ್ ತೆಗೆಯಿರಿ.

ಮಕ್ಕಳ ಕಡೆಯಲ್ಲಿ ಕೆಲಸ ಸುಲಭ. ಆಂಡ್ರಾಯ್ಡ್ 12 ಮತ್ತು ಅದರ ನಂತರದ ಬಹುತೇಕ ಫೋನ್‌ಗಳಲ್ಲಿ ಮೇಲಿನಿಂದ ಎಳೆಯುವ ಪಟ್ಟಿಗೆ 'ಕ್ಯಾಮೆರಾ ಆ್ಯಕ್ಸೆಸ್' ಗುಂಡಿ ಸೇರಿಸಿಕೊಂಡು ಆಫ್ ಮಾಡಿದರೆ ಯಾವ ಆ್ಯಪ್‌ಗೂ ಚಿತ್ರ ಸಿಗದು, ಮೈಕ್‌ಗೆ ಬೇರೆಯದೇ ಗುಂಡಿ ಇರುತ್ತದೆ. ಕ್ಯಾಮೆರಾ ಬಳಕೆಯಲ್ಲಿದ್ದರೆ ಮೂಲೆಯಲ್ಲಿ ಹಸಿರು ಗುರುತು. ಐಫೋನ್‌ನಲ್ಲಿ ಐಒಎಸ್ 14ರಿಂದ ಕ್ಯಾಮೆರಾಗೆ ಹಸಿರು ಚುಕ್ಕೆ, ಬರೀ ಮೈಕ್‌ಗೆ ಕಿತ್ತಳೆ ಚುಕ್ಕೆ. ಹಳೆಯ ಆಂಡ್ರಾಯ್ಡ್ ಇದ್ದರೆ ಸೆಟ್ಟಿಂಗ್ಸ್‌ನ 'ಆ್ಯಪ್ಸ್' ಒಳಗೆ ಆ ಆ್ಯಪ್‌ನ 'ಪರ್ಮಿಷನ್ಸ್‌'ನಲ್ಲಿ ಕ್ಯಾಮೆರಾ ಒಂದನ್ನೇ ನಿರಾಕರಿಸಬೇಕು.

ಪುಟವನ್ನೇ ಸರಿಪಡಿಸಿದ್ದು

ಫೈರ್‌ಫಾಕ್ಸ್ ಆ ಮನೆಯ ಪರಿಹಾರ. ಉಳಿದ ಉಪನ್ಯಾಸಕರು ಕ್ರೋಮ್‌ನಲ್ಲೇ ಇದ್ದರು, ಅವರ ಲೈಟ್‌ಗಳೂ ಉರಿಯುತ್ತಲೇ ಇದ್ದವು. ಕಾಲೇಜಿನ ಪುಟ ನೋಡಿಕೊಳ್ಳುವವರಿಗೆ ಮೂರು ಬದಲಾವಣೆ ಬರೆದುಕೊಡಲಾಯಿತು, ಮೂರೂ ಕೆಲವೇ ಸಾಲುಗಳ ಕೆಲಸ. ಮೊದಲ ಕೋರಿಕೆ ಮೈಕ್‌ಗೆ ಮಾತ್ರ ಇರಲಿ, ಕ್ಯಾಮೆರಾ ಗುಂಡಿ ಒತ್ತಿದವರಿಗಷ್ಟೇ ಆಗ ಕ್ಯಾಮೆರಾ ಕೇಳಲಿ. ಗೀಟು ಎಳೆದಾಗ ಚಿತ್ರದ ಟ್ರ್ಯಾಕ್ 'ಸ್ಟಾಪ್' ಆಗಲಿ, ಕಳಿಸುವ ಕಡೆ 'ರಿಪ್ಲೇಸ್‌ಟ್ರ್ಯಾಕ್‌'ಗೆ 'ನಲ್' ಕೊಡಲಿ, ಅಂದರೆ ಚಿತ್ರದ ಜಾಗ ಖಾಲಿ ಬಿಡಲಿ. ಇದರಿಂದ ಸಂಪರ್ಕವನ್ನು ಹೊಸದಾಗಿ ಕುದುರಿಸುವ ಅಗತ್ಯ ಬೀಳುವುದಿಲ್ಲ, ದನಿಗೆ ಧಕ್ಕೆಯಾಗುವುದಿಲ್ಲ. ಕ್ಯಾಮೆರಾ ಇಲ್ಲ ಅಥವಾ ನಿರಾಕರಿಸಲಾಗಿದೆ ಎಂಬ ದೋಷ ಬಂದರೆ ಕರೆ ಕಡಿಯದೆ ಮೈಕ್ ಒಂದರಲ್ಲೇ ಮುಂದುವರಿಯಲಿ.

ಬದಲಾವಣೆ ಆದ ಮೇಲೆ ಕ್ರೋಮ್‌ನಲ್ಲಿ ಪರೀಕ್ಷಿಸಿದ ಕ್ರಮ ಹೀಗೆ. ಸೇರುವಾಗ ಲೈಟ್ ಹತ್ತಲೇಬಾರದು, ಹತ್ತಲಿಲ್ಲ. ವಿಡಿಯೋ ಆನ್ ಮಾಡಿ ಮತ್ತೆ ಗೀಟು ಎಳೆದಾಗ ಲೈಟ್ ಆರಿ, ಪ್ರೈವಸಿ ಪುಟದಲ್ಲಿ ಕ್ರೋಮ್ ಎದುರಿನ 'ಕರೆಂಟ್ಲಿ ಇನ್ ಯೂಸ್' ಹೋಗಿ ಸಮಯ ಬರಬೇಕು, ಬಂತು. ಸೈಟ್ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ 'ಬ್ಲಾಕ್' ಮಾಡಿ ಮತ್ತೆ ಸೇರಿದಾಗ ದನಿ ಆಚೆಯವರಿಗೆ ಕೇಳಿಸಬೇಕು, ಕೇಳಿಸಿತು. ಅದೇ ಪುಟ ಎರಡು ಟ್ಯಾಬಿನಲ್ಲಿ ತೆರೆದಿರುವಾಗ ಒಂದರಲ್ಲಿ ಗೀಟು ಎಳೆದರೆ ಲೈಟ್ ಆರಲಿಲ್ಲ, ಇನ್ನೊಂದು ಟ್ಯಾಬ್ ಕ್ಯಾಮೆರಾ ಹಿಡಿದಿತ್ತು. ಇದು ದೋಷವಲ್ಲ, ಹಿಡಿದ ಟ್ಯಾಬ್ ಮೇಲೆ ಕ್ರೋಮ್ ಕೆಂಪು ಗುರುತು ತೋರಿಸುತ್ತದೆ, ಅದನ್ನು ಮುಚ್ಚಬೇಕು. ವಿಡಿಯೋ ಮತ್ತೆ ಆನ್ ಮಾಡುವಾಗ ಮುಖ ಕಾಣಲು ಈಗ ಒಂದೆರಡು ಸೆಕೆಂಡು ಹೆಚ್ಚು ಹಿಡಿಯುತ್ತದೆ. ಅದನ್ನು ಉಪನ್ಯಾಸಕರಿಗೆ ಮೊದಲೇ ತಿಳಿಸಲಾಯಿತು, ಇಲ್ಲದಿದ್ದರೆ ಕ್ಯಾಮೆರಾ ಕೆಟ್ಟಿದೆ ಎಂದುಕೊಂಡು ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಾರೆ.